ಫೋರ್ಡ್ ಮನೆತನ, ಶೆವರ್ಲೆ ಮನೆತನ: ನೂರು ವರ್ಷದ ಜಗಳ, ಕೊನೆಗೆ ಇಬ್ಬರಿಗೂ ಒಂದೇ ಗೇರ್‌ಬಾಕ್ಸ್!

ನಮ್ಮ ತಾಲೂಕಿನಲ್ಲಿ ಟವೇರಾ ಹತ್ತದವರು ಯಾರಿದ್ದಾರೆ ಹೇಳಿ? ಮದುವೆ ದಿಬ್ಬಣ, ಧರ್ಮಸ್ಥಳದ ಟ್ರಿಪ್, ರಾತ್ರೋರಾತ್ರಿ ಜಿಲ್ಲಾಸ್ಪತ್ರೆಗೆ ಪೇಷಂಟ್ ಸಾಗಿಸೋದು, ಎಲ್ಲಕ್ಕೂ ಹತ್ತು ಹನ್ನೆರಡು ಜನರನ್ನು ತುಂಬಿಕೊಂಡು ಓಡಿದ ಗಾಡಿ ಅದು. ಅದರ ಮೂತಿ ಮೇಲೆ ಚಿನ್ನದ ಬಣ್ಣದ, ಅಡ್ಡಕ್ಕೆ ಎಳೆದು ಓರೆ ಮಾಡಿದಂಥ ಪ್ಲಸ್ ಗುರುತು ಇರುತ್ತಲ್ಲ, ಅದು ಶೆವರ್ಲೆ. ಇನ್ನೊಂದು ಕಡೆ ಫಿಗೊ, ಇಕೋಸ್ಪೋರ್ಟ್, ದೊಡ್ಡವರ ಮನೆ ಮುಂದೆ ಎಂಡೆವರ್. ನೀಲಿ ಮೊಟ್ಟೆಯಾಕಾರದೊಳಗೆ ಬಿಳಿ ಅಕ್ಷರ. ಅದು ಫೋರ್ಡ್. ಇನ್ನೂ ಹಿಂದಕ್ಕೆ ಹೋದರೆ ಫೋರ್ಡ್ 3600 ಟ್ರ್ಯಾಕ್ಟರ್ ಓಡಿಸಿದ ರೈತರೂ ಸಿಗುತ್ತಾರೆ.

ನಮಗೆ ಎರಡೂ ಒಂದೇ, ‘ಅಮೆರಿಕಾ ಕಂಪನಿ ಗಾಡಿ’. ಆದರೆ ಅಮೆರಿಕದ ಹಳ್ಳಿ, ಸಣ್ಣ ಊರುಗಳಲ್ಲಿ ಹೋಗಿ ಹೀಗೆ ಹೇಳಿದರೆ ಮುಖ ಸಿಂಡರಿಸುತ್ತಾರೆ. ಅಲ್ಲಿ ‘ನೀನು ಫೋರ್ಡಾ, ಶೆವಿಯಾ?’ ಅಂತ ಕೇಳೋದು ನಮ್ಮಲ್ಲಿ ಮನೆದೇವರು ಯಾವುದು ಅಂತ ಕೇಳಿದ ಹಾಗೆ. ಶೆವಿ ಅನ್ನೋದು ಶೆವರ್ಲೆಗೆ ಅವರಿಟ್ಟ ಮುದ್ದಿನ ಹೆಸರು. ಅಪ್ಪ ಫೋರ್ಡ್ ಓಡಿಸಿದ್ದರೆ ಮಗನೂ ಫೋರ್ಡ್. ಸೊಸೆ ಶೆವಿ ಮನೆಯಿಂದ ಬಂದಳೋ, ಹಬ್ಬದ ಊಟಕ್ಕೆ ಕೂತಾಗಲೆಲ್ಲ ತಮಾಷೆ ಶುರು.

ಹೌದು, ಈ ಜಗಳಕ್ಕೆ ನೂರು ವರ್ಷ ದಾಟಿದೆ. ಒಂದು ಕಾರಿನ ಕಂಪನಿಗಾಗಿ ಜನ ಹೀಗ್ಯಾಕೆ ಆಡ್ತಾರೆ, ಇದರ ಮೂಲ ಏನು ಅನ್ನೋದು ನಮ್ಮ ಅಂಗಡಿ ಬೀದಿಯವರಿಗೂ ಕುತೂಹಲ ಹುಟ್ಟಿಸೋ ವಿಷಯ.

ಶುರುವಾಗಿದ್ದು ಹೀಗೆ

ಹೆನ್ರಿ ಫೋರ್ಡ್ 1903ರಲ್ಲಿ ಡೆಟ್ರಾಯಿಟ್‌ನಲ್ಲಿ ಕಂಪನಿ ಕಟ್ಟಿದ. 1908ರಲ್ಲಿ ‘ಮಾಡೆಲ್ ಟಿ’ ಬಂತು. ಆಗ ಬೆಲೆ 850 ಡಾಲರ್ ಆಸುಪಾಸು. ಸಾಲಾಗಿ ನಿಂತು ಒಬ್ಬೊಬ್ಬರು ಒಂದೊಂದು ಭಾಗ ಜೋಡಿಸುವ ಪದ್ಧತಿ ತಂದು, ಬೆಲೆ ಇಳಿಸುತ್ತಾ ಇಳಿಸುತ್ತಾ 1920ರ ದಶಕದ ಮಧ್ಯದಲ್ಲಿ 300 ಡಾಲರಿಗಿಂತ ಕೆಳಗೆ ತಂದ. ರೈತನ ಕೈಗೂ ಕಾರು ಬಂತು. 1927ರಲ್ಲಿ ನಿಲ್ಲಿಸುವ ಹೊತ್ತಿಗೆ ಒಂದೂವರೆ ಕೋಟಿ ಮಾಡೆಲ್ ಟಿ ತಯಾರಾಗಿದ್ದವು. ಆದರೆ ಹೆನ್ರಿ ಹಠಮಾರಿ. 1914ರಿಂದ 1925ರವರೆಗೆ ಕಪ್ಪು ಬಿಟ್ಟು ಬೇರೆ ಬಣ್ಣವೇ ಇಲ್ಲ!

ಶೆವರ್ಲೆ ಕಥೆ ಬೇರೆ. ಲೂಯಿ ಶೆವರ್ಲೆ ಅನ್ನೋನು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ರೇಸ್ ಡ್ರೈವರ್, ಒಳ್ಳೇ ಮೆಕ್ಯಾನಿಕ್. ವಿಲಿಯಂ ಡ್ಯೂರಾಂಟ್ ಅನ್ನೋನು ಪಕ್ಕಾ ವ್ಯಾಪಾರಿ. 1908ರಲ್ಲಿ ಜನರಲ್ ಮೋಟಾರ್ಸ್ (ಎಲ್ಲರೂ ಜಿಎಂ ಅಂತಾರೆ) ಕಟ್ಟಿದವನೇ ಈತ. ಸಾಲ ಜಾಸ್ತಿಯಾಗಿ 1910ರಲ್ಲಿ ಬ್ಯಾಂಕಿನವರು ಇವನ ಕೈಯಿಂದ ಕಂಪನಿ ಕಿತ್ತುಕೊಂಡರು. ಸುಮ್ಮನೆ ಕೂರಲಿಲ್ಲ ಆಸಾಮಿ. 1911ರಲ್ಲಿ ಲೂಯಿ ಜತೆ ಸೇರಿ ಶೆವರ್ಲೆ ಕಂಪನಿ ಶುರು ಮಾಡಿದ, ಅದರ ಷೇರುಗಳನ್ನೇ ಬಳಸಿ 1916ರಲ್ಲಿ ಜಿಎಂನ ಮತ್ತೆ ಕೈಗೆ ತಗೊಂಡ. 1918ರಲ್ಲಿ ಶೆವರ್ಲೆ ಜಿಎಂ ಒಳಗೆ ಸೇರಿತು.

ಪಾಪ, ಲೂಯಿ? ಅವನಿಗೂ ಡ್ಯೂರಾಂಟ್‌ಗೂ ಹೊಂದಲಿಲ್ಲ. ಇವನಿಗೆ ದೊಡ್ಡ, ದುಬಾರಿ, ಜೋರಾದ ಕಾರು ಬೇಕು. ಅವನಿಗೆ ಫೋರ್ಡ್‌ಗೆ ಪೈಪೋಟಿ ಕೊಡುವ ಅಗ್ಗದ ಕಾರು ಬೇಕು. ಕೆಲವೇ ವರ್ಷಗಳಲ್ಲಿ ಲೂಯಿ ಹೊರಗೆ ಬಂದ, ಹೆಸರು ಮಾತ್ರ ಕಂಪನಿಯಲ್ಲೇ ಉಳಿಯಿತು. ಆಮೇಲೆ ತನ್ನ ತಮ್ಮಂದಿರ ಜತೆ ಸೇರಿ ಅವನು ಏನು ಮಾಡಿದ ಗೊತ್ತಾ? ಫೋರ್ಡ್ ಮಾಡೆಲ್ ಟಿ ಇಂಜಿನ್ ಇನ್ನೂ ಜೋರಾಗಿ ಓಡೋ ಹಾಗೆ ‘ಫ್ರಂಟೆನಾಕ್’ ಅನ್ನೋ ಹೆಸರಲ್ಲಿ ರೇಸಿಂಗ್ ಸಿಲಿಂಡರ್ ಹೆಡ್ ಮಾಡಿ ಮಾರಿದ! ಶೆವರ್ಲೆ ಅಂತ ಎದೆ ಮೇಲೆ ಹಚ್ಚೆ ಹಾಕಿಸಿಕೊಂಡು ಫೋರ್ಡ್‌ನ ಬೈಯುವವರಲ್ಲಿ ಈ ವಿಷಯ ಎಷ್ಟು ಜನಕ್ಕೆ ಗೊತ್ತೋ ಏನೋ.

ಕಂತಿನ ಸಾಲ ಮತ್ತು ಚೀಟಿ

ನಮ್ಮ ಅಂಗಡಿಯವರಿಗೆ ಇಷ್ಟ ಆಗುವ ಭಾಗ ಇದು. ಹೆನ್ರಿ ಫೋರ್ಡ್‌ಗೆ ಸಾಲ ಅಂದ್ರೆ ಆಗ್ತಿರಲಿಲ್ಲ. 1923ರಲ್ಲಿ ಅವನು ತಂದ ಸ್ಕೀಮ್ ಹೀಗಿತ್ತು: ಗಿರಾಕಿ ವಾರ ವಾರ ಐದು ಡಾಲರಿನಷ್ಟು ಕಟ್ಟುತ್ತಾ ಹೋಗಬೇಕು, ಪೂರ್ತಿ ದುಡ್ಡು ಸೇರಿದ ಮೇಲೆ ಕಾರು. ಒಂಥರಾ ನಮ್ಮ ಚಿನ್ನದ ಅಂಗಡಿ ಚೀಟಿ. ಜಿಎಂ ಇದಕ್ಕಿಂತ ನಾಲ್ಕು ವರ್ಷ ಮೊದಲೇ, 1919ರಲ್ಲೇ, ಸ್ವಂತ ಫೈನಾನ್ಸ್ ಕಂಪನಿ ತೆರೆದಿತ್ತು. ಮೊದಲು ಕಾರು ತಗೊಂಡು ಹೋಗಿ, ಆಮೇಲೆ ಕಂತು ಕಟ್ಟಿ! ಜನ ಯಾವ ಕಡೆ ಹೋಗ್ತಾರೆ ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಅದರ ಮೇಲೆ ಬಣ್ಣ ಬಣ್ಣದ ಕಾರು, ವರ್ಷಕ್ಕೊಂದು ಹೊಸ ಮೂತಿ. ಜಿಎಂನ ಆಲ್‌ಫ್ರೆಡ್ ಸ್ಲೋನ್ ಲೆಕ್ಕಾಚಾರ ಇದು. ಶೆವರ್ಲೆ ವಿಭಾಗ ನಡೆಸಿದ್ದು ವಿಲಿಯಂ ನುಡ್ಸನ್, ಡೆನ್ಮಾರ್ಕಿನಿಂದ ಬಂದವನು. ಮೊದಲು ಫೋರ್ಡಿನಲ್ಲೇ ಇದ್ದ. 1921ರಲ್ಲಿ ಅಲ್ಲಿಂದ ಹೊರಬಿದ್ದ, ಮರುವರ್ಷ ಜಿಎಂ ಸೇರಿದ. 1927ರಲ್ಲಿ ಫೋರ್ಡ್ ಮಾಡೆಲ್ ಟಿ ನಿಲ್ಲಿಸಿ ಹೊಸ ಮಾಡೆಲ್ಲಿಗಾಗಿ ತಿಂಗಳುಗಟ್ಟಲೆ ಫ್ಯಾಕ್ಟರಿ ಮುಚ್ಚಿತು. ಆ ವರ್ಷ ಶೆವರ್ಲೆ ಮಾರಾಟದಲ್ಲಿ ಮುಂದೆ ಹೋಯ್ತು. ಅಲ್ಲಿಂದ ಶುರುವಾದ ‘ನೀನಾ ನಾನಾ’ ನಿಂತಿಲ್ಲ.

1932ರಲ್ಲಿ ಫೋರ್ಡ್ ಸಾಮಾನ್ಯರ ಕೈಗೆಟುಕುವ ಬೆಲೆಗೆ ಎಂಟು ಸಿಲಿಂಡರಿನ ವಿ8 ಇಂಜಿನ್ ಕೊಟ್ಟಿತು. 1955ರಲ್ಲಿ ಶೆವರ್ಲೆ ತನ್ನ ‘ಸ್ಮಾಲ್ ಬ್ಲಾಕ್’ ವಿ8 ತಂತು. 1964ರ ಏಪ್ರಿಲ್‌ನಲ್ಲಿ ಫೋರ್ಡಿನ ಮಸ್ಟಾಂಗ್ ಬಂದು ಹುಡುಗರ ತಲೆ ಕೆಡಿಸಿತು, 1966ರಲ್ಲಿ ಶೆವರ್ಲೆ ಕಮಾರೊ ಬಿಟ್ಟಿತು. ಪಿಕಪ್‌ಗಳಲ್ಲಿ ಫೋರ್ಡಿನ ಎಫ್ ಸೀರೀಸ್ 1977ರಿಂದ ಅಮೆರಿಕದಲ್ಲಿ ನಂಬರ್ ಒನ್. ಶೆವರ್ಲೆ ಸಿಲ್ವರಾಡೊ ಬೆನ್ನ ಹಿಂದೆಯೇ ಇದೆ. ಕಾರು ಬಿಡಿ, ಅಲ್ಲಿನ ಹಳ್ಳಿಗಳಲ್ಲಿ ನಿಜವಾದ ಜಗಳ ನಡೆಯೋದು ಪಿಕಪ್ ಮೇಲೆ. ಹುಲ್ಲು, ಕಟ್ಟಿಗೆ, ಕರು, ಸಿಮೆಂಟು ಎಲ್ಲಾ ಅದರಲ್ಲೇ ಹೋಗೋದು. ಯಾವ ಪಿಕಪ್ ಕೈ ಕೊಡಲ್ಲ ಅನ್ನೋದು ಅವರಿಗೆ ಹೊಟ್ಟೆಪಾಡಿನ ಪ್ರಶ್ನೆ.

ಬೈಗುಳವೂ ಒಂದು ಕಲೆ

ಫೋರ್ಡ್ ಅನ್ನೋ ನಾಲ್ಕು ಇಂಗ್ಲಿಷ್ ಅಕ್ಷರಕ್ಕೆ ಶೆವಿ ಕಡೆಯವರು ಕೊಡುವ ಅರ್ಥ ‘ಫಿಕ್ಸ್ ಆರ್ ರಿಪೇರ್ ಡೈಲಿ’. ದಿನಾ ಬೆಳಗಾದರೆ ರಿಪೇರಿ ಅಂತ. ಇನ್ನೊಂದು ‘ಫೌಂಡ್ ಆನ್ ರೋಡ್ ಡೆಡ್’, ನಡುರಸ್ತೆಯಲ್ಲಿ ಸತ್ತು ಬಿದ್ದಿತ್ತು. ಫೋರ್ಡ್ ಕಡೆಯವರು ಬಿಡ್ತಾರಾ? ‘ಫಸ್ಟ್ ಆನ್ ರೇಸ್ ಡೇ’ ಅಂತ ತಿರುಗಿಸಿ ಹೇಳ್ತಾರೆ. ಶೆವರ್ಲೆ ಹೆಸರಿನ ಅಕ್ಷರಗಳಿಗೂ ಒಂದು ಉದ್ದದ ಅರ್ಥ ಕಟ್ಟಿದ್ದಾರೆ. ದೂರದ ಪ್ರಯಾಣದಲ್ಲಿ ಇಂಜಿನ್ನಿನ ಒಂದೊಂದು ವಾಲ್ವ್ ಬಡಿಯೋದೂ ಕಿವಿಗೆ ಕೇಳುತ್ತೆ ಅನ್ನೋ ಧಾಟಿಯದು.

ಗಾಡಿ ಹಿಂದೆ ಸ್ಟಿಕ್ಕರ್ ಅಂಟಿಸೋದು ನಮ್ಮ ಆಟೊದವರಷ್ಟೇ ಅಲ್ಲ. ಅಲ್ಲಿ ಬಹಳ ಓಡಿದ ಸ್ಟಿಕ್ಕರ್ ಒಂದಿದೆ. ಪುಟ್ಟ ಹುಡುಗನೊಬ್ಬ ಎದುರು ಕಂಪನಿ ಗುರುತಿನ ಮೇಲೆ ಉಚ್ಚೆ ಹೊಯ್ಯೋ ಚಿತ್ರ. ಫೋರ್ಡಿನವನ ಗಾಡಿಯಲ್ಲಿ ಶೆವಿ ಗುರುತಿನ ಮೇಲೆ, ಶೆವಿಯವನ ಗಾಡಿಯಲ್ಲಿ ಫೋರ್ಡ್ ಗುರುತಿನ ಮೇಲೆ, ಹುಡುಗ ಮಾತ್ರ ಅವನೇ. ಬಿಲ್ ವಾಟರ್ಸನ್ ಅನ್ನೋ ವ್ಯಂಗ್ಯಚಿತ್ರಕಾರನ ಕ್ಯಾಲ್ವಿನ್ ಪಾತ್ರದ ಕದ್ದ ನಕಲು ಅದು. ತನ್ನ ಪಾತ್ರಗಳನ್ನು ಸ್ಟಿಕ್ಕರ್, ಬೊಂಬೆ ಮಾಡಿ ಮಾರೋಕೆ ಆತ ಒಪ್ಪಿದವನೇ ಅಲ್ಲ. ಪ್ರಿಂಟ್ ಹಾಕಿದವರು ಮಾತ್ರ ಎರಡೂ ಬಣದಿಂದ ದುಡ್ಡು ಎಣಿಸಿಕೊಂಡರು. ನಮ್ಮಲ್ಲಿ ಚುನಾವಣೆ ಟೈಮಲ್ಲಿ ಎಲ್ಲ ಪಾರ್ಟಿಯ ಫ್ಲೆಕ್ಸ್ ಒಂದೇ ಅಂಗಡಿಯಲ್ಲಿ ಆಗೋದಿಲ್ವಾ, ಹಾಗೆ.

ಕಂಪನಿಗಳೂ ಕಮ್ಮಿ ಇಲ್ಲ. 2012ರಲ್ಲಿ ಫುಟ್‌ಬಾಲ್ ಫೈನಲ್ ವೇಳೆ ಶೆವರ್ಲೆ ಒಂದು ಜಾಹೀರಾತು ಹಾಕಿತು. ಪ್ರಳಯ ಆಗಿದೆ, ಸಿಲ್ವರಾಡೊ ಇದ್ದವರೆಲ್ಲ ಬದುಕಿ ಬಂದಿದ್ದಾರೆ, ಒಬ್ಬ ಗೆಳೆಯ ಮಾತ್ರ ಕಾಣ್ತಿಲ್ಲ, ಯಾಕಂದ್ರೆ ಅವನು ಫೋರ್ಡ್ ಓಡಿಸ್ತಿದ್ದ! ಫೋರ್ಡಿನವರು ಸಿಟ್ಟಾಗಿ ಲಾಯರ್ ಪತ್ರವನ್ನೇ ಕಳಿಸಿದರು. ಜಿಎಂ ಕ್ಯಾರೇ ಅನ್ನಲಿಲ್ಲ. 2016ರಲ್ಲಿ ಫೋರ್ಡ್ ಪಿಕಪ್ಪಿನ ಅಲ್ಯುಮಿನಿಯಂ ತೊಟ್ಟಿಗೆ ಕಲ್ಲು ಸುರಿದು, ತೂತು ಬಿದ್ದಿದ್ದನ್ನು ತೋರಿಸಿ ಇನ್ನೊಂದು ಜಾಹೀರಾತು. ತಮಾಷೆ ಏನಂದ್ರೆ, ಎರಡು ವರ್ಷ ಕಳೆದು ಬಂದ ಹೊಸ ಸಿಲ್ವರಾಡೊದ ಬಾಗಿಲು, ಬಾನೆಟ್ ಅಲ್ಯುಮಿನಿಯಮ್ಮಿನವೇ. ತೊಟ್ಟಿ ಮಾತ್ರ ಉಕ್ಕಿನದು. ಫೋರ್ಡ್ ಅಭಿಮಾನಿಗಳು ಇದನ್ನು ಇನ್ನೂ ಮರೆತಿಲ್ಲ.

ಡಾಡ್ಜ್ ಅಭಿಮಾನಿಗಳದು ಮೂರನೇ ಬಣ. ಅವರ ಕಥೆ ಬರೆಯೋಕೆ ಕೂತರೆ ಇನ್ನೊಂದು ಲೇಖನ ಆಗುತ್ತೆ, ಬಿಡಿ.

ಫೋರ್ಡ್ ಬಾಡಿಗೆ ಶೆವಿ ಇಂಜಿನ್

ಇಬ್ಬರಿಗೂ ನಿಜವಾಗಿ ಚುಚ್ಚೋ ವಿಷಯ ಬೇರೇನೇ ಇದೆ. ಅಮೆರಿಕದಲ್ಲಿ ಹಳೇ ಕಾರನ್ನು ಬಿಚ್ಚಿ, ಜೋರು ಇಂಜಿನ್ ಕೂರಿಸಿ ‘ಹಾಟ್ ರಾಡ್’ ಮಾಡೋ ಹುಚ್ಚು ಬಹಳ. ಅದಕ್ಕೆ ಎಲ್ಲರೂ ಆಸೆಪಡೋ ಬಾಡಿ 1932ರ ಫೋರ್ಡ್. ಆದರೆ ಅದರೊಳಗೆ ತುಂಬಾ ಜನ ಹಾಕೋದು ಶೆವರ್ಲೆಯ ಸ್ಮಾಲ್ ಬ್ಲಾಕ್ ಇಂಜಿನ್ನು!

ಕಾರಣ ಸರಳ. ಶೆವಿ ಇಂಜಿನ್ ಲಕ್ಷಗಟ್ಟಲೆ ತಯಾರಾಗಿತ್ತು, ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತಿತ್ತು, ಬಿಡಿಭಾಗ ಯಾವ ಮೂಲೆಯಲ್ಲೂ ಸಿಗುತ್ತಿತ್ತು. ಇನ್ನೊಂದು ಕಾರಣ ಗ್ಯಾರೇಜಿನವರಿಗೆ ಕೂಡಲೇ ಅರ್ಥ ಆಗುತ್ತೆ. ಶೆವಿ ಇಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಹಿಂದಕ್ಕಿದೆ, ಫೋರ್ಡಿನ ಸ್ಮಾಲ್ ಬ್ಲಾಕ್‌ನಲ್ಲಿ ಮುಂದಕ್ಕಿದೆ. 1932ರ ಫೋರ್ಡಿನ ಬಾನೆಟ್ ಒಳಗೆ ಜಾಗ ಕಮ್ಮಿ. ಮುಂದೆ ರೇಡಿಯೇಟರಿಗೆ ತಾಗದ ಹಾಗೆ ಕೂರಬೇಕಂದ್ರೆ ಶೆವಿ ಇಂಜಿನ್ ಸಲೀಸು. ಹೀಗಾಗಿ ಫೋರ್ಡ್ ಕಾರು ಅಂತ ಹೆಮ್ಮೆಯಿಂದ ಬಾನೆಟ್ ಎತ್ತಿದರೆ ಒಳಗೆ ಎದುರಾಳಿ ಕೂತಿರ್ತಾನೆ. ಅದಕ್ಕೇ ಫೋರ್ಡ್ ಬಾಡಿಗೆ ಫೋರ್ಡ್ ಇಂಜಿನ್ನೇ ಹಾಕಿದವರು ಅದನ್ನು ಮೈಲಿ ದೂರಕ್ಕೆ ಕಾಣೋ ಹಾಗೆ ಬರೆಸಿಕೊಂಡು ತಿರುಗ್ತಾರೆ.

ಅನ್ನ ಕೊಟ್ಟ ಕಂಪನಿ

ಇಷ್ಟು ಓದಿದ ಮೇಲೆ ‘ಕೆಲಸ ಇಲ್ಲದವರ ಜಗಳ’ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಮಿಶಿಗನ್ ರಾಜ್ಯದಲ್ಲಿ ಈ ಅಭಿಮಾನ ಹುಟ್ಟಿದ್ದೇ ಕೆಲಸದಿಂದ. ಡಿಯರ್‌ಬಾರ್ನ್ ಅಂದರೆ ಫೋರ್ಡ್ ಊರು. ಫ್ಲಿಂಟ್ ಅಂದರೆ ಜಿಎಂ ಊರು. ಅಜ್ಜ ಯಾವ ಗೇಟಿನೊಳಗೆ ಹೋಗಿ ದುಡಿದನೋ ಆ ಕಾರು ಮನೆಗೆ ಬಂತು. ನೌಕರರ ಕುಟುಂಬಕ್ಕೆ ಎರಡೂ ಕಂಪನಿಯಲ್ಲಿ ಡಿಸ್ಕೌಂಟ್ ಇದೆ, ಅಣ್ಣ ತಮ್ಮಂದಿರೂ ಅದೇ ಗಾಡಿ ತಗೊಳ್ಳೋಕೆ ಅದೂ ಒಂದು ಕಾರಣ. 2006ರಲ್ಲಿ ಡಿಯರ್‌ಬಾರ್ನಿನ ಫೋರ್ಡ್ ಟ್ರಕ್ ಫ್ಯಾಕ್ಟರಿಯಲ್ಲಿ ಒಂದು ರೂಲ್ ಬಂತು. ಬೇರೆ ಕಂಪನಿ ಗಾಡಿಯಲ್ಲಿ ಬರೋ ನೌಕರರು ರಸ್ತೆ ಆಚೆ ಪಾರ್ಕ್ ಮಾಡಿ ನಡೆದುಕೊಂಡು ಬರಬೇಕು!

ಆ ಕೆಲಸವೂ ಸುಮ್ಮನೆ ಬಂದಿದ್ದಲ್ಲ. 1936ರ ಕೊನೆಯಲ್ಲಿ ಫ್ಲಿಂಟ್ ಕಾರ್ಮಿಕರು ಜಿಎಂ ಫ್ಯಾಕ್ಟರಿಯೊಳಗೇ ಕೂತು ಮುಷ್ಕರ ಹೂಡಿದರು. ಚಳಿಯಲ್ಲಿ ಆರು ವಾರ ಕೂತು, 1937ರ ಫೆಬ್ರವರಿಯಲ್ಲಿ ತಮ್ಮ ಯೂನಿಯನ್ನಿಗೆ ಮಾನ್ಯತೆ ಗಿಟ್ಟಿಸಿಕೊಂಡರು. ಫೋರ್ಡ್ ಒಪ್ಪಿದ್ದು 1941ರಲ್ಲಿ. ಎರಡೂ ಕಡೆ ಯೂನಿಯನ್ ಒಂದೇ. ಸ್ಟಿಕ್ಕರ್ ಬೇರೆ ಬೇರೆ ಅಂಟಿಸಿಕೊಂಡವರು ಸಂಬಳಕ್ಕೆ ಹೋರಾಡುವಾಗ ಒಂದೇ ಬಾವುಟ ಹಿಡಿಯುತ್ತಾರೆ.

ಫ್ಲಿಂಟ್‌ನಲ್ಲಿ 1970ರ ದಶಕದ ಕೊನೆಗೆ ಜಿಎಂನಲ್ಲಿ ಸುಮಾರು 80 ಸಾವಿರ ಜನ ಕೆಲಸದಲ್ಲಿದ್ದರು. 2010ರ ಹೊತ್ತಿಗೆ ಉಳಿದದ್ದು ಅದರ ಹತ್ತನೇ ಒಂದು ಪಾಲಿನಷ್ಟು. ಊರಿನ ದಿನಸಿ ಅಂಗಡಿ, ಹೋಟೆಲು, ಕ್ಷೌರದಂಗಡಿ ಏನಾಗಿರುತ್ತೆ ಅಂತ ವ್ಯಾಪಾರ ಮಾಡೋರಿಗೆ ಬಿಡಿಸಿ ಹೇಳಬೇಕಿಲ್ಲ.

ಬೋರ್ಡನ್ನೇ ಅಡ ಇಟ್ಟ ಫೋರ್ಡ್

ಈಗ 2008ಕ್ಕೆ ಬನ್ನಿ. ಅದಕ್ಕೂ ಎರಡು ವರ್ಷ ಮುಂಚೆ, 2006ರಲ್ಲಿ, ಫೋರ್ಡ್ ಮುಂದಿನ ಕಷ್ಟ ಊಹಿಸಿ ಬ್ಯಾಂಕುಗಳಿಂದ 23 ಬಿಲಿಯನ್ ಡಾಲರಿಗೂ ಹೆಚ್ಚು ಸಾಲ ಎತ್ತಿತ್ತು. ಅದಕ್ಕೆ ಫ್ಯಾಕ್ಟರಿ ಅಡ, ಕಟ್ಟಡ ಅಡ, ಕೊನೆಗೆ ಆ ನೀಲಿ ಮೊಟ್ಟೆ ಗುರುತೂ ಅಡ! ಅಂಗಡಿ ಜತೆ ಅಂಗಡಿ ಬೋರ್ಡನ್ನೂ ಲೇವಾದೇವಿಯವನ ಹತ್ತಿರ ಇಟ್ಟ ಹಾಗೆ. ಗುರುತನ್ನು ಬಿಡಿಸಿಕೊಂಡಿದ್ದು 2012ರಲ್ಲಿ.

2008ರಲ್ಲಿ ಅಮೆರಿಕದ ಬ್ಯಾಂಕುಗಳು ಬಿದ್ದವು, ಕಾರು ಮಾರಾಟ ನಿಂತಿತು. ಜಿಎಂ ಕೈಯಲ್ಲಿ ದುಡ್ಡಿಲ್ಲ. ಕ್ರೈಸ್ಲರ್ ಕೈಯಲ್ಲೂ ಇಲ್ಲ. ಮೂರೂ ಕಂಪನಿಯ ಮುಖ್ಯಸ್ಥರು ನವೆಂಬರಿನಲ್ಲಿ ಸರ್ಕಾರದ ಹತ್ತಿರ ಸಹಾಯ ಕೇಳೋಕೆ ವಾಷಿಂಗ್ಟನ್ನಿಗೆ ಹೋದರು, ಅದೂ ಖಾಸಗಿ ವಿಮಾನಗಳಲ್ಲಿ. ದೇಶವೇ ಉಗಿಯಿತು. ಡಿಸೆಂಬರಿನಲ್ಲಿ ಮತ್ತೆ ಹೋಗುವಾಗ ಡೆಟ್ರಾಯಿಟ್‌ನಿಂದ 800 ಕಿಲೋಮೀಟರಿಗೂ ಹೆಚ್ಚು ದೂರ ತಮ್ಮ ತಮ್ಮ ಕಂಪನಿ ಕಾರಿನಲ್ಲೇ ಹೋದರು.

ಅಲ್ಲಿ ಫೋರ್ಡಿನ ಅಲನ್ ಮುಲಾಲಿ ಹೇಳಿದ್ದರ ತಾತ್ಪರ್ಯ ಇಷ್ಟು: ನಮ್ಮ ಹತ್ತಿರ ಸದ್ಯಕ್ಕೆ ಹಣ ಇದೆ, ಆದರೆ ಜಿಎಂ ಬಿದ್ದರೆ ನಾವೂ ಬೀಳ್ತೀವಿ, ಅವರನ್ನು ಉಳಿಸಿ. ಎದುರಾಳಿ ಮುಳುಗುವಾಗ ಒಳಗೊಳಗೇ ಖುಷಿಪಡೋದು ಬಿಟ್ಟು ಹೀಗ್ಯಾಕೆ ಅಂದ? ಸೀಟು, ಬೇರಿಂಗ್, ವೈರು, ಗಾಜು ಮಾಡಿಕೊಡುವ ನೂರಾರು ಸಣ್ಣ ಕಾರ್ಖಾನೆಗಳು ಇಬ್ಬರಿಗೂ ಸಪ್ಲೈ ಮಾಡ್ತವೆ. ಜಿಎಂ ಆರ್ಡರ್ ನಿಂತರೆ ಅವು ಬಾಗಿಲು ಹಾಕ್ತವೆ. ಅವು ಬಾಗಿಲು ಹಾಕಿದರೆ ಮರುದಿನ ಫೋರ್ಡ್ ಫ್ಯಾಕ್ಟರಿಗೂ ಬೋಲ್ಟ್ ಬರಲ್ಲ. ಸಂತೆಗೆ ಒಬ್ಬನೇ ವ್ಯಾಪಾರಿ ಬಂದರೆ ಸಂತೆಯೇ ನಿಲ್ಲುತ್ತಲ್ಲ, ಆ ಲೆಕ್ಕ.

2009ರ ಜೂನ್ 1ರಂದು ಜಿಎಂ ದಿವಾಳಿ ಅರ್ಜಿ ಹಾಕಿತು. ಅದಕ್ಕೂ ಮೊದಲೇ ಸಾವಿರಕ್ಕೂ ಹೆಚ್ಚು ಡೀಲರುಗಳಿಗೆ ‘ನಿಮ್ಮ ಡೀಲರ್‌ಶಿಪ್ ಮುಂದುವರಿಸಲ್ಲ’ ಅಂತ ಪತ್ರ ಹೋಗಿತ್ತು. ತಲೆಮಾರುಗಳಿಂದ ಅದೇ ಬೋರ್ಡಿನಡಿ ಕೂತವರೂ ಅವರಲ್ಲಿದ್ದರು. ಸರ್ಕಾರದ ದುಡ್ಡಿನಿಂದ ಜಿಎಂ ಎದ್ದು ನಿಂತಿತು. ಫೋರ್ಡ್ ಆ ದುಡ್ಡು ಮುಟ್ಟಲಿಲ್ಲ ಅಂತ ಅದರ ಅಭಿಮಾನಿಗಳು ಇವತ್ತಿಗೂ ಕೊಚ್ಚಿಕೊಳ್ತಾರೆ. ಮುಲಾಲಿ ಜಿಎಂ ಪರ ಕೈ ಎತ್ತಿದ್ದನ್ನು ಮಾತ್ರ ಅಷ್ಟಾಗಿ ಹೇಳಲ್ಲ.

ಇನ್ನು 2013. ಎರಡೂ ಕಂಪನಿ ಸೇರಿ ಹೊಸ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಾಡೋಕೆ ಕೈ ಜೋಡಿಸಿದವು. ಹತ್ತು ಗೇರಿನದು ಮುಖ್ಯವಾಗಿ ಫೋರ್ಡ್ ಜವಾಬ್ದಾರಿ, ಒಂಬತ್ತು ಗೇರಿನದು ಜಿಎಂ ಜವಾಬ್ದಾರಿ. ಹತ್ತು ಗೇರಿನ ಆ ಪೆಟ್ಟಿಗೆ ಫೋರ್ಡ್ ಪಿಕಪ್ಪಿಗೂ ಬಂತು, ಮಸ್ಟಾಂಗ್‌ಗೂ ಬಂತು, ಅತ್ತ ಸಿಲ್ವರಾಡೊಗೂ ಕಮಾರೊಗೂ ಬಂತು. ಸಿಗ್ನಲ್ಲಿನಲ್ಲಿ ಅಕ್ಕಪಕ್ಕ ನಿಂತು ಗುರ್ ಅನ್ನಿಸಿಕೊಳ್ಳೋ ಎರಡು ಗಾಡಿಯ ಹೊಟ್ಟೆಯಲ್ಲಿ ಹೆಚ್ಚೂಕಮ್ಮಿ ಒಂದೇ ಗೇರ್‌ಬಾಕ್ಸ್! ಸಾಫ್ಟ್‌ವೇರ್ ಮಾತ್ರ ಅವರವರದು.

ಎದುರಾಳಿ ಹೋದ ಮೇಲೆ

ಆಸ್ಟ್ರೇಲಿಯಾದಲ್ಲಿ ಇದೇ ಜಗಳ ಬೇರೆ ಹೆಸರಲ್ಲಿತ್ತು. ಅಲ್ಲಿ ಜಿಎಂನ ಕಾರಿನ ಹೆಸರು ಹೋಲ್ಡನ್. ಬ್ಯಾಥರ್ಸ್ಟ್ ಅನ್ನೋ ಊರಿನ ಗುಡ್ಡದ ಮೇಲೆ ವರ್ಷಕ್ಕೊಮ್ಮೆ ಸಾವಿರ ಕಿಲೋಮೀಟರ್ ರೇಸ್ ನಡೆಯುತ್ತೆ, ಫೋರ್ಡ್ ಬಣ, ಹೋಲ್ಡನ್ ಬಣ ಟೆಂಟ್ ಹಾಕಿಕೊಂಡು ಕೂರುತ್ತವೆ, ನಮ್ಮ ಜಾತ್ರೆ ಥರ. 2016ರ ಅಕ್ಟೋಬರಿನಲ್ಲಿ ಫೋರ್ಡ್ ಅಲ್ಲಿ ಕಾರು ತಯಾರಿ ನಿಲ್ಲಿಸಿತು. ಮರುವರ್ಷ ಅದೇ ತಿಂಗಳು ಹೋಲ್ಡನ್ ಫ್ಯಾಕ್ಟರಿ ಮುಚ್ಚಿತು. 2020ರಲ್ಲಿ ಹೋಲ್ಡನ್ ಅನ್ನೋ ಹೆಸರನ್ನೇ ತೆಗೆದುಹಾಕಿದರು. ರೇಸ್ ನಿಲ್ಲಲಿಲ್ಲ. 2023ರಿಂದ ಅಲ್ಲಿ ಮಸ್ಟಾಂಗ್ ಎದುರು ಕಮಾರೊ ಓಡಿದವು. ಆದರೆ ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದಲ್ಲೇ ಕಮಾರೊ ತಯಾರಿ ನಿಂತುಹೋಯ್ತು. ಅಂಗಡಿಯಲ್ಲಿ ಹೊಸದಾಗಿ ಸಿಗದ ಕಾರಿಗಾಗಿ ಜನ ಗಂಟಲು ಹರಿದುಕೊಳ್ಳೋದು ಅಂದ್ರೆ ಇದೇ.

ನಮ್ಮ ದೇಶದಲ್ಲಿ ಎರಡೂ ಕಂಪನಿ ಎರಡೆರಡು ಸಲ ಬಂದು ಹೋದವು. ಬ್ರಿಟಿಷರ ಕಾಲದಲ್ಲಿ, 1920ರ ದಶಕದಲ್ಲಿ ಮೊದಲ ಸಲ. ಸ್ವಾತಂತ್ರ್ಯ ಬಂದ ಮೇಲೆ, ಬರೀ ಭಾಗ ತಂದು ಜೋಡಿಸಿದರೆ ಸಾಲದು, ಇಲ್ಲೇ ತಯಾರಿಸಿ ಅಂತ ಸರ್ಕಾರ ಹೇಳಿದಾಗ 1950ರ ದಶಕದಲ್ಲಿ ಎರಡೂ ಜಾಗ ಖಾಲಿ ಮಾಡಿದವು. 1990ರ ದಶಕದಲ್ಲಿ ವಾಪಸ್ ಬಂದವು. 2017ರ ಕೊನೆಗೆ ಶೆವರ್ಲೆ ಇಲ್ಲಿ ಮಾರಾಟ ನಿಲ್ಲಿಸಿತು. 2021ರ ಸೆಪ್ಟೆಂಬರ್ 9ರಂದು ಫೋರ್ಡ್ ಕೂಡ ಇಲ್ಲಿ ಕಾರು ತಯಾರಿ ನಿಲ್ಲಿಸುವುದಾಗಿ ಹೇಳಿತು. ಸುಮಾರು ನಾಲ್ಕು ಸಾವಿರ ನೌಕರರ ಕೆಲಸಕ್ಕೆ ಪೆಟ್ಟು ಅಂತ ಕಂಪನಿಯೇ ಹೇಳಿತ್ತು. ಗುಜರಾತಿನ ಸಾನಂದ್ ಫ್ಯಾಕ್ಟರಿ ಟಾಟಾ ಪಾಲಾಯ್ತು, ಜಿಎಂನ ತಳೇಗಾಂವ್ ಫ್ಯಾಕ್ಟರಿ ಹ್ಯುಂಡೈ ಪಾಲಾಯ್ತು. ಹಾಗಂತ ನಂಟು ಪೂರ್ತಿ ಕಡಿದಿಲ್ಲ. 2003ರಲ್ಲಿ ಜಿಎಂ ಬೆಂಗಳೂರಿನಲ್ಲಿ ಟೆಕ್ನಿಕಲ್ ಸೆಂಟರ್ ತೆರೆದಿತ್ತು. ಡೆಟ್ರಾಯಿಟ್ ಸುತ್ತಮುತ್ತ ಫೋರ್ಡಿನಲ್ಲೂ ಜಿಎಂನಲ್ಲೂ ಕನ್ನಡದ ಎಂಜಿನಿಯರುಗಳಿದ್ದಾರೆ. ಕನ್ನಡ ಕೂಟದ ಯುಗಾದಿ ಊಟಕ್ಕೆ ಎರಡೂ ಬಣದ ಕಾರು ಅಕ್ಕಪಕ್ಕ ನಿಲ್ಲೋದರಲ್ಲಿ ಆಶ್ಚರ್ಯ ಇಲ್ಲ.

ಆಗಸ್ಟ್ ತಿಂಗಳ ಮೂರನೇ ಶನಿವಾರ ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂ ರಸ್ತೆಯಲ್ಲಿ ಹಳೇ ಕಾರುಗಳ ದೊಡ್ಡ ಮೆರವಣಿಗೆ ಇರುತ್ತೆ. 1995ರಿಂದ ನಡೀತಿದೆ. ರಸ್ತೆ ಬದಿ ಕುರ್ಚಿ ಹಾಕಿಕೊಂಡು ಲಕ್ಷಗಟ್ಟಲೆ ಜನ ನೋಡ್ತಾರೆ. ಬಿಸಿಲು, ಆಮೆ ವೇಗದ ಟ್ರಾಫಿಕ್ಕು. ಅಂಥದ್ರಲ್ಲಿ ಹಳೇ ಇಂಜಿನ್ ಕಾದು ರೇಡಿಯೇಟರ್ ಕುದಿಯೋದು ಮಾಮೂಲು. ಆಗ ನೀರು ಹಿಡಿದು ಓಡಿ ಬರುವವನ ಟೀ ಶರ್ಟ್ ಮೇಲೆ ಯಾವ ಗುರುತಿದೆ ಅಂತ ಯಾರೂ ನೋಡಲ್ಲ. ನೀರು ಹಾಕಿದ ಮೇಲೆ ‘ಇದಕ್ಕೇ ಹೇಳಿದ್ದು, ನಮ್ಮ ಕಂಪನಿ ತಗೋ ಅಂತ’ ಅನ್ನೋದೂ ತಪ್ಪಲ್ಲ.

ಅಂದಹಾಗೆ, ನಮ್ಮ ತಾಲೂಕಿನಲ್ಲಿ ಇನ್ನೂ ಓಡ್ತಾ ಇರೋ ಟವೇರಾ, ಐಕಾನ್, ಫಿಗೊ, ಬೀಟ್, ಫೋರ್ಡ್ ಟ್ರ್ಯಾಕ್ಟರ್ ನಿಮ್ಮ ಹತ್ತಿರ ಇದ್ದರೆ ಒಂದು ಫೋಟೊ, ಎಷ್ಟು ಕಿಲೋಮೀಟರ್ ಓಡಿದೆ, ಸ್ಪೇರ್ ಎಲ್ಲಿಂದ ತರಿಸ್ತೀರಿ ಅನ್ನೋ ವಿವರ ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿ. ಮುಂದಿನ ವಾರ ಪ್ರಕಟಿಸ್ತೀವಿ. ಎರಡೂ ಕಂಪನಿಯ ಗಾಡಿ ಒಂದೇ ಅಂಗಳದಲ್ಲಿ ಇಟ್ಟವರಿದ್ದರೆ ಅವರ ಫೋಟೊ ಮೊದಲು.